ಪ್ರಕರಣ ಮುಗಿದ ಮೇಲೆ ವಕೀಲರ ಬಳಿ ಉಳಿದ ನಮ್ಮ ಮಾಹಿತಿ

ಪ್ರಶ್ನೆ: ನನ್ನ ಕೌಟುಂಬಿಕ ಪ್ರಕರಣ ಇತ್ಯರ್ಥವಾಗಿ ಒಂದು ವರ್ಷ ಕಳೆದಿದ್ದರೂ ವೈದ್ಯಕೀಯ ವರದಿ, ಬ್ಯಾಂಕ್ ವಿವರ ಮತ್ತು ಮಕ್ಕಳ ದಾಖಲೆಗಳು ವಕೀಲರ ಕಚೇರಿಯಲ್ಲೇ ಇವೆ. ಅವನ್ನು ಅಳಿಸುವಂತೆ ಕೇಳಬಹುದೇ?

ಉತ್ತರ 1: ಖಂಡಿತ ಕೇಳಬಹುದು, ಆದರೆ ಎಲ್ಲವನ್ನೂ ಅಳಿಸಲೇಬೇಕೆಂಬ ಬಾಧ್ಯತೆ ಅವರಿಗಿರುವುದಿಲ್ಲ. ಉದಾಹರಣೆಗೆ, 2018ರಿಂದ ಅನ್ವಯವಾಗುತ್ತಿರುವ ಐರೋಪ್ಯ ಒಕ್ಕೂಟದ ದತ್ತಾಂಶ ಸಂರಕ್ಷಣಾ ನಿಯಮಾವಳಿಯು ಅಳಿಸುವಿಕೆಯ ಹಕ್ಕನ್ನು ಕೊಡುತ್ತದೆಯಾದರೂ, ಕಾನೂನುಬದ್ಧ ಹಕ್ಕನ್ನು ಸ್ಥಾಪಿಸಲು ಇಲ್ಲವೇ ಸಮರ್ಥಿಸಿಕೊಳ್ಳಲು ಅಗತ್ಯವಿರುವ ಮಾಹಿತಿಗೆ ವಿನಾಯಿತಿ ನೀಡಿದೆ. ಮೂಲ ಪ್ರತಿಗಳನ್ನು ಈಗಲೇ ಹಿಂದಕ್ಕೆ ಪಡೆದು, ಉಳಿದವನ್ನು ಎಷ್ಟು ಕಾಲ ಇಟ್ಟುಕೊಳ್ಳುವರೆಂದು ಲಿಖಿತವಾಗಿ ಕೇಳಿ.

ಉತ್ತರ 2: ವಕೀಲರ ಕಚೇರಿಯಲ್ಲಿ ಕಡತಗಳನ್ನು ನೋಡಿಕೊಳ್ಳುವ ನನಗೆ, ಅವಧಿಗಿಂತಲೂ ಅವನ್ನು ಯಾರು ಯಾರು ತೆರೆಯಬಲ್ಲರು ಎಂಬುದೇ ಹೆಚ್ಚು ಮುಖ್ಯವೆನಿಸುತ್ತದೆ. ಆಯಾ ಪ್ರಕರಣದಲ್ಲಿ ಕೆಲಸ ಮಾಡುವವರಿಗಷ್ಟೇ ಪ್ರವೇಶವಿರಬೇಕು. ಪಿಡಿಎಫ್ ಕಡತದಲ್ಲಿ ಹೆಸರಿನ ಮೇಲೆ ಕಪ್ಪು ಪಟ್ಟಿ ಎಳೆದು ಸುಮ್ಮನಾಗುವುದು ದೊಡ್ಡ ತಪ್ಪು. ಅಕ್ಷರಗಳು ಅದರಡಿಯಲ್ಲೇ ಉಳಿದಿದ್ದು, ಆ ಭಾಗವನ್ನು ನಕಲಿಸಿ ಬೇರೆಡೆ ಅಂಟಿಸಿದರೆ ಓದಲು ಸಿಗುತ್ತವೆ. ಇದನ್ನು ಕಣ್ಣಾರೆ ಕಂಡ ದಿನದಿಂದ, ಹೊರಗೆ ಕಳುಹಿಸುವ ಪ್ರತಿಯೊಂದು ಪುಟವನ್ನೂ ಹಾಗೆಯೇ ಪರೀಕ್ಷಿಸುತ್ತಿದ್ದೇನೆ.

ಪ್ರಶ್ನಿಸಿದವರು: ಇಬ್ಬರಿಗೂ ಧನ್ಯವಾದಗಳು. ಮಾಹಿತಿ ಸೋರಿಕೆಯಾದರೆ ನಮಗೆ ತಿಳಿಸುತ್ತಾರೆಯೇ?

ಉತ್ತರ 1: ಮೇಲೆ ಹೇಳಿದ ನಿಯಮಾವಳಿಯಲ್ಲಿ, ಅಪಾಯದ ಸಾಧ್ಯತೆ ಇದ್ದರೆ ಸೋರಿಕೆ ಗಮನಕ್ಕೆ ಬಂದ 72 ಗಂಟೆಗಳೊಳಗೆ ದತ್ತಾಂಶ ಸಂರಕ್ಷಣೆಯ ಮೇಲ್ವಿಚಾರಣಾ ಪ್ರಾಧಿಕಾರಕ್ಕೂ, ಅಪಾಯ ಹೆಚ್ಚಿದ್ದರೆ ವಿಳಂಬವಿಲ್ಲದೆ ಸಂಬಂಧಪಟ್ಟ ವ್ಯಕ್ತಿಗೂ ತಿಳಿಸಬೇಕು.