ಮರ್ಸಿಡಿಸ್ 190: ಚಿಕ್ಕದೋ, ಚೌಕಾಸಿಯದೋ?

ಫೋರ್‌ಸ್ಟ್ರೋಕ್_ಚಕ್ರಪಾಣಿ:
ಮರ್ಸಿಡಿಸ್ 190 (ಡಬ್ಲ್ಯು201) ಬಗ್ಗೆ ಎರಡು ಥರದ ಮಾತಿದೆ. ದೊಡ್ಡ ಬೆಂಜ್ ಎಟುಕದವರಿಗೆ ನಕ್ಷತ್ರ ಅಂಟಿಸಿ ಮಾರಿದ ಗಾಡಿ ಅಂತ ಕೆಲವರು, ಆ ಕಂಪನಿಯ ಅತಿ ಗಟ್ಟಿ ಕಾರುಗಳಲ್ಲಿ ಒಂದು ಅಂತ ಇನ್ನು ಕೆಲವರು. ಅದು ಹುಟ್ಟಿದ್ದು ಯಾಕೆ, ಯಾವಾಗ ಏನೇನು ಬದಲಾಯಿತು? ಹಳೆಯದನ್ನು ಪರೀಕ್ಷಿಸುವಾಗ ಮೊದಲು ಎಲ್ಲಿ ಕಣ್ಣು ಹಾಯಿಸಬೇಕು?

ಹಳೇ_ಕಾರ್ಬ್ಯುರೇಟರ್:
ಅಗ್ಗದ ಬೆಂಜ್ ಬೇಕು ಅಂತ ಹುಟ್ಟಿದ್ದಲ್ಲ ಸರ್. ತೈಲ ಬಿಕ್ಕಟ್ಟಿನ ನಂತರ ಅಮೆರಿಕ ಪ್ರತಿ ಕಂಪನಿಯ ಕಾರುಗಳ ಸರಾಸರಿ ಇಂಧನ ಬಳಕೆಗೆ ಮಿತಿ ಹಾಕಿತು. ಬರೀ ದೊಡ್ಡ ಸೆಡಾನ್ ಮಾರುತ್ತಿದ್ದವರಿಗೆ ಸರಾಸರಿ ಸುಧಾರಿಸಲು ಚಿಕ್ಕದೊಂದು ಬೇಕಾಯಿತು. 1982ರ ಡಿಸೆಂಬರ್‌ನಲ್ಲಿ 190 ಬಂತು. ವಿನ್ಯಾಸದ ಹೊಣೆ ಬ್ರೂನೋ ಸಾಕೋ ಅವರದ್ದು. ಉದ್ದ 4,420 ಮಿಮೀ, ಅಂದರೆ ಅದೇ ಕಂಪನಿಯ ಆಗಿನ ದೊಡ್ಡ ಸೆಡಾನ್ ಡಬ್ಲ್ಯು123ಗಿಂತ ಸುಮಾರು 30 ಸೆಂಮೀ ಮೋಟು.

ಮೊದಲು ಬಂದದ್ದು ಎರಡೇ: ಕಾರ್ಬ್ಯುರೇಟರ್‌ನ 190 (90 ಅಶ್ವಶಕ್ತಿ), ಇಂಜೆಕ್ಷನ್‌ನ 190 ಇ (122). ಎರಡರಲ್ಲೂ ಇದ್ದದ್ದು 2 ಲೀಟರ್ ಎಂಜಿನ್, ಬ್ಯಾಡ್ಜ್ ನೋಡಿ 1.9 ಅಂದುಕೊಳ್ಳಬೇಡಿ. 1983ರಲ್ಲಿ 72 ಅಶ್ವಶಕ್ತಿಯ ಡೀಸೆಲ್, 1985ರಲ್ಲಿ ಐದು ಸಿಲಿಂಡರ್‌ನ 2.5 ಡೀಸೆಲ್, 1986ರಲ್ಲಿ ಆರು ಸಿಲಿಂಡರ್‌ನ 2.6. 1988ರ ಫೇಸ್‌ಲಿಫ್ಟ್‌ನಲ್ಲಿ ಬಾಗಿಲ ಕೆಳಭಾಗಕ್ಕೆ ಅಗಲ ಪ್ಲಾಸ್ಟಿಕ್ ಹಲಗೆ ಬಂತು, ಹಿಂದೆ ಕೂರುವವರ ಮೊಣಕಾಲಿಗೆ ಒಂಚೂರು ಜಾಗವೂ ಸಿಕ್ಕಿತು. ಅಷ್ಟಾದರೂ ಹಿಂದಿನ ಸೀಟು ಇಕ್ಕಟ್ಟೇ. 1993ರಲ್ಲಿ ಸಿ-ಕ್ಲಾಸ್ ಇದರ ಜಾಗಕ್ಕೆ ಬರುವ ಹೊತ್ತಿಗೆ ಸುಮಾರು 18.8 ಲಕ್ಷ ಕಾರು ತಯಾರಾಗಿದ್ದವು.

ಬ್ರಿಟನ್ನಿನ ಕಾಸ್‌ವರ್ತ್ ಕಂಪನಿಯ ಸಿಲಿಂಡರ್ ಹೆಡ್ (ಎಂಜಿನ್ನಿನ ಮೇಲ್ಭಾಗ) ಇದ್ದ 190 ಇ 2.3-16 ಬೇರೆಯೇ ಕಥೆ. 1983ರ ಆಗಸ್ಟ್‌ನಲ್ಲಿ ಇಟಲಿಯ ನಾರ್ಡೋ ಟ್ರ್ಯಾಕಿನಲ್ಲಿ 50,000 ಕಿಮೀ ಓಡಿತು, ಸರಾಸರಿ ವೇಗ ಗಂಟೆಗೆ 247.9 ಕಿಮೀ. ಮರುವರ್ಷ ಮೇ ತಿಂಗಳಲ್ಲಿ ಜರ್ಮನಿಯ ಹೊಸ ನ್ಯೂರ್‌ಬರ್ಗ್‌ರಿಂಗ್ ಟ್ರ್ಯಾಕ್ ಶುರುವಾದಾಗ, ಎಲ್ಲರಿಗೂ ಇದೇ ಕಾರು ಕೊಟ್ಟು ನಡೆಸಿದ ರೇಸಿನಲ್ಲಿ ಫಾರ್ಮುಲಾ 1 ಚಾಲಕರಾದ ಸೆನ್ನಾ ಮೊದಲು, ಲೌಡಾ ಎರಡನೆಯವರು.

ಬುಷ್_ಬೇರಿಂಗ್:
ಚೌಕಾಸಿ ನಡೆದದ್ದು ಒಳಾಂಗಣದಲ್ಲಿ. ಬಲಗಡೆಯ ಕನ್ನಡಿಗೂ ಬೇರೆ ದುಡ್ಡು ಕೇಳುತ್ತಿದ್ದರು! ಆದರೆ ಹಿಂದಿನ ಸಸ್ಪೆನ್ಷನ್‌ಗೆ ಕೈ ಬಿಚ್ಚಿ ಖರ್ಚು ಮಾಡಿದರು. ಒಂದೊಂದು ಚಕ್ರಕ್ಕೂ ಐದು ಲಿಂಕ್, ಅಂದರೆ ಚಕ್ರವನ್ನು ಹಿಡಿದಿಡುವ ತೋಳು. ಇದೇ ಏರ್ಪಾಡು 1984ರಲ್ಲಿ ದೊಡ್ಡ ಡಬ್ಲ್ಯು124ಗೂ ಹೋಯಿತು. ಅಂದರೆ ತಮ್ಮನಿಗೆ ಹೊಲಿಸಿದ ಅಂಗಿಯನ್ನು ಅಣ್ಣ ತೊಟ್ಟ ಹಾಗೆ.

ಹಿಂದಿನ ಟೈರಿನ ಒಳಅಂಚು ಮಾತ್ರ ಸವೆದಿದ್ದರೆ, ವೇಗದಲ್ಲಿ ಹಿಂಭಾಗ ಅತ್ತಿತ್ತ ಜಾರುವಂತೆ ಅನಿಸಿದರೆ ಲಿಂಕುಗಳ ಬುಷ್ (ತುದಿಯ ರಬ್ಬರ್ ಬಳೆ) ಹೋಗಿದೆ. ಹೊಸ ಲಿಂಕ್ ಹಾಕಿದ ಮೇಲೆ ಕಾರು ಜಾಕ್ ಮೇಲಿರುವಾಗಲೇ ಬೋಲ್ಟ್ ಪೂರ್ತಿ ಬಿಗಿಯಬೇಡಿ. ಬುಷ್‌ನ ರಬ್ಬರು ತಿರುಚಿದ ಸ್ಥಿತಿಯಲ್ಲೇ ಸಿಕ್ಕಿಕೊಂಡು, ಕಾರು ಕೆಳಗಿಳಿದಾಗ ಹರಿಯತೊಡಗುತ್ತದೆ. ಭಾರ ಚಕ್ರದ ಮೇಲೆ ಬಿದ್ದು, ಕಾರು ತನ್ನ ಸಹಜ ಎತ್ತರಕ್ಕೆ ಕೂತ ಮೇಲೆ ಕೊನೆಯ ಬಿಗಿ. ಆಮೇಲೆ ಅಲೈನ್‌ಮೆಂಟ್.

ತುಕ್ಕಿಗೆ ಎರಡು ಜಾಗ. ಹಿಂದಿನ ಸ್ಪ್ರಿಂಗ್ ಕೂತಿರುವ ಕೆಳಗಿನ ಲಿಂಕಿಗೆ ಪ್ಲಾಸ್ಟಿಕ್ ಮುಚ್ಚಳ ಇರುತ್ತದೆ. ಅದರೊಳಗೆ ಒದ್ದೆ ಮಣ್ಣು ಕಟ್ಟಿಕೊಂಡು ಲೋಹವನ್ನು ತಿನ್ನುತ್ತದೆ. ಬಿಚ್ಚಿಯೇ ನೋಡಬೇಕು. ಇನ್ನೊಂದು ಜಾಕ್ ಪಾಯಿಂಟ್, ಅಂದರೆ ಕಾರು ಎತ್ತಲು ಜಾಕ್ ಕೊಡುವ ಜಾಗ. 1988ರ ನಂತರದ ಕಾರುಗಳಲ್ಲಿ ಬಾಗಿಲ ಕೆಳಗಿನ ಆ ಪ್ಲಾಸ್ಟಿಕ್ ಹಲಗೆಗಳು ಅದನ್ನು ಮರೆಮಾಡುವುದರಿಂದ ಹೊರಗಿನ ಹೊಳಪು ನಂಬುವಂತಿಲ್ಲ.

ಇಂಜೆಕ್ಟರ್_ಭಟ್ಟ:
190 ಇ ಐಡ್ಲಿಂಗ್‌ನಲ್ಲಿ ಏರಿಳಿಯುತ್ತಾ ಎಬಿಎಸ್ ದೀಪವೂ ಹತ್ತಿದ್ದರೆ ಮೊದಲು ಓವರ್‌ವೋಲ್ಟೇಜ್ ರಿಲೇ ನೋಡಿ. ಬ್ಯಾಟರಿ ಹತ್ತಿರ, ತಲೆಯ ಮೇಲೆ 10 ಆಂಪ್ ಫ್ಯೂಸ್ ಇರುವ ಪುಟ್ಟ ಲೋಹದ ಡಬ್ಬಿ ಅದು. ಎಬಿಎಸ್‌ಗೂ ಇಂಜೆಕ್ಷನ್‌ನ ಕಂಟ್ರೋಲ್ ಯೂನಿಟ್‌ಗೂ ಕರೆಂಟ್ ಹೋಗುವುದು ಇದರ ಮೂಲಕ. ಫ್ಯೂಸ್ ಸರಿಯಿದ್ದೂ ತೊಂದರೆ ಇದ್ದರೆ, ಡಬ್ಬಿ ಬಿಚ್ಚಿದಾಗ ಬೆಸುಗೆಗಳ ಸುತ್ತ ಕೂದಲೆಳೆಯ ಬಿರುಕು ಕಾಣುತ್ತದೆ. ಮತ್ತೆ ಬೆಸುಗೆ ಹಾಕಿದರೆ ನಡೆಯುತ್ತದೆ, ಹೊಸದೇ ಹಾಕುವುದು ಮೇಲು.

ರಿಲೇ ಸತ್ತರೂ ಎಂಜಿನ್ ಓಡುತ್ತಲೇ ಇರುತ್ತದೆ, ಯಾಕೆಂದರೆ ಇದರ ಪೆಟ್ರೋಲ್ ಇಂಜೆಕ್ಷನ್ ವ್ಯವಸ್ಥೆಯಾದ ಕೆಇ-ಜೆಟ್ರಾನಿಕ್‌ನ ತಳಪಾಯ ಯಾಂತ್ರಿಕ, ಎಲೆಕ್ಟ್ರಾನಿಕ್ಸ್ ಮೇಲುಮೇಲಿನ ತಿದ್ದುಪಡಿಗೆ ಮಾತ್ರ. ಇದೇ ಹಲವರ ದಾರಿ ತಪ್ಪಿಸುವುದು. ಕಾರಣ ಹುಡುಕದೆ 3 ಎಂಎಂ ಅಲೆನ್ ಕೀ ತೂರಿಸಿ ಪೆಟ್ರೋಲ್-ಗಾಳಿ ಮಿಶ್ರಣದ ಸ್ಕ್ರೂ ತಿರುಗಿಸುತ್ತಾರೆ. ಆಮೇಲೆ ಎರಡು ದೋಷ. ಅದಕ್ಕೆ ಕೈ ಹಾಕುವ ಮುಂಚೆ ಇಂಜೆಕ್ಟರ್ ಸೀಲು, ಏರ್ ಮೀಟರ್ ಕೆಳಗಿನ ರಬ್ಬರ್ ಬೂಟು ಗಾಳಿ ಎಳೆಯುತ್ತಿವೆಯೇ ನೋಡಿ.

ಫೋರ್‌ಸ್ಟ್ರೋಕ್_ಚಕ್ರಪಾಣಿ:
ಟೈಮಿಂಗ್ ಚೈನ್ (ಕ್ರ್ಯಾಂಕ್‌ನಿಂದ ವಾಲ್ವ್ ತೆರೆಯುವ ಕ್ಯಾಮ್ ತಿರುಗಿಸುವ ಸರಪಳಿ) ಸವೆದು ಉದ್ದಕ್ಕೆ ಎಳೆದುಕೊಂಡಿದೆಯೇ ಅಂತ ಹೆಡ್ ಬಿಚ್ಚದೆ ತಿಳಿಯಬಹುದೇ? ಡೀಸೆಲ್‌ನಲ್ಲೂ ಏನಾದರೂ ಗಮನಿಸಬೇಕೇ?

ಹಳೇ_ಕಾರ್ಬ್ಯುರೇಟರ್:
ವಾಲ್ವ್ ಕವರ್ ತೆಗೆದರೆ ಸಾಕು. ಕ್ರ್ಯಾಂಕ್ ಬೋಲ್ಟಿಗೆ 27ರ ಸಾಕೆಟ್ ಹಾಕಿ, ಎಂಜಿನ್ ತಿರುಗುವ ದಿಕ್ಕಿನಲ್ಲೇ ತಿರುಗಿಸಿ ಕ್ಯಾಮ್ ಗುರುತು ಕೂಡಿಸಿ. ಈಗ ಕ್ರ್ಯಾಂಕ್ ಪುಲ್ಲಿಯ ಡಿಗ್ರಿ ಓದಿ. ಸೊನ್ನೆಯಿಂದ ಎಷ್ಟು ದೂರವೋ ಅಷ್ಟು ಚೈನ್ ಎಳೆದುಕೊಂಡಿದೆ. ಗುರುತು ದಾಟಿಹೋದರೆ ಹಿಂದಕ್ಕೆ ತಿರುಗಿಸಬೇಡಿ, ಇನ್ನೆರಡು ಸುತ್ತು ಮುಂದಕ್ಕೇ ತನ್ನಿ. ಮೊದಮೊದಲ ಪೆಟ್ರೋಲ್ ಎಂಜಿನ್‌ಗಳಲ್ಲಿ ಒಂಟಿ ಸಾಲಿನ ಚೈನ್ ಇತ್ತು, ಆಮೇಲೆ ಜೋಡಿ ಸಾಲು ಮಾಡಿದರು. ಒಂಟಿ ಸಾಲಿನದಾದರೆ ಈ ಪರೀಕ್ಷೆ ಬಿಡಬೇಡಿ.

ಡೀಸೆಲ್‌ನಲ್ಲಿ ಕೀ ತೆಗೆದರೂ ಎಂಜಿನ್ ನಿಲ್ಲದಿದ್ದರೆ ವ್ಯಾಕ್ಯೂಮ್ ಪೈಪ್ ಎಲ್ಲೋ ಸೋರುತ್ತಿದೆ, ಎಂಜಿನ್ ನಿಲ್ಲಿಸುವುದೇ ವ್ಯಾಕ್ಯೂಮ್ (ಗಾಳಿ ಹೀರಿದ ಒತ್ತಡ). ಸದ್ಯಕ್ಕೆ ಇಂಜೆಕ್ಷನ್ ಪಂಪಿನ ಸ್ಟಾಪ್ ಲಿವರ್ ಒತ್ತಿ. ಇನ್ನು ಎಂಜಿನ್ ಕೆಳಗಿನ ತಟ್ಟೆ ಇದೆಯೇ ನೋಡಿ: ಶಬ್ದ ತಗ್ಗಿಸಲೆಂದೇ ಎಂಜಿನ್ ಸುತ್ತ ಕವಚ ಕಟ್ಟಿದ್ದರು, ಆಯಿಲ್ ಬದಲಿಸುವವರು ಅದನ್ನು ಬಿಚ್ಚಿ ಮತ್ತೆ ಹಾಕುವುದಿಲ್ಲ.