ಸ್ಕ್ರೀನ್ ಟೈಮ್ ಇಳಿಸಿದರೂ ಅಂಕ ಏರುತ್ತಿಲ್ಲ. ಅಳೆಯಬೇಕಾದ್ದು ಏನನ್ನು?

ಸೀಮೆಸುಣ್ಣ:
ಪಾಠದ ವಿಡಿಯೊ ಫೋನಿನಲ್ಲಿ, ನೋಟ್ಸ್ ಪಿಡಿಎಫ್‌ನಲ್ಲಿ, ಸಂದೇಹ ಬಂದರೆ ಚಾಟ್‌ಜಿಪಿಟಿ. ಹೀಗೆ ದಿನಕ್ಕೆ ನಾಲ್ಕೈದು ಗಂಟೆ ಓದುವ ವಿದ್ಯಾರ್ಥಿಗಳು ಹೋಂವರ್ಕ್ ಎಲ್ಲ ಸರಿ ಮಾಡಿಕೊಂಡು ಬರುತ್ತಾರೆ, ಪರೀಕ್ಷೆಯಲ್ಲಿ ಮುಗ್ಗರಿಸುತ್ತಾರೆ. ಫೋನ್ ಬಳಕೆ ಎರಡು ಗಂಟೆ ಇಳಿಸಿದರೂ ಅಂಕ ಅಲ್ಲೇ ಇದೆ. ಗಂಟೆ ಎಣಿಸಿ ಪ್ರಯೋಜನ ಉಂಟೇ?

ತ್ರಿಜ್ಯ:
ಒಟ್ಟು ಗಂಟೆಯಿಂದ ಹೆಚ್ಚೇನೂ ತಿಳಿಯದು. ಆಂಡ್ರಾಯ್ಡ್ ಫೋನಿನ ಬಳಕೆಯ ಲೆಕ್ಕ ತೋರಿಸುವ ಡಿಜಿಟಲ್ ವೆಲ್‌ಬೀಯಿಂಗ್‌ನಲ್ಲಿ ಯೂಟ್ಯೂಬ್ ಒಂದೂವರೆ ಗಂಟೆ ಎಂದು ಬಂದರೆ ಅದರಲ್ಲಿ ಪಾಠ ಎಷ್ಟು, ಶಾರ್ಟ್ಸ್ ಎಷ್ಟು ಅಂತ ಅದು ಬಿಡಿಸಿ ಹೇಳುವುದಿಲ್ಲ. ಒಂದು ವಾರ ಪಾಠವನ್ನು ಬ್ರೌಸರ್‌ನಲ್ಲಿ ಮಾತ್ರ ನೋಡಲಿ, ಆ್ಯಪ್ ಮನರಂಜನೆಗೆ ಇರಲಿ. ಲೆಕ್ಕ ತಾನಾಗಿ ಎರಡಾಗುತ್ತದೆ.

ಅದೇ ಪುಟದಲ್ಲಿ ಅನ್‌ಲಾಕ್ ಸಂಖ್ಯೆಯೂ ಇದೆ. ಓದಲು ಕೂರುವ ಮುನ್ನ ಒಮ್ಮೆ, ಎದ್ದ ಮೇಲೆ ಒಮ್ಮೆ ಬರೆದಿಟ್ಟು ಕಳೆಯಿರಿ. ಫೋನಿನಲ್ಲೇ ಓದುವವರಿಗೆ ಸ್ಕ್ರೀನ್ ತಾನಾಗಿ ಆರಿ ಮತ್ತೆ ತೆರೆದರೂ ಎಣಿಕೆ ಏರುತ್ತದೆ, ಆದ್ದರಿಂದ ಸ್ಕ್ರೀನ್ ಟೈಮ್‌ಔಟ್ ಮೊದಲೇ 10 ನಿಮಿಷಕ್ಕೆ ಇಡಿ.

ಇದೆಲ್ಲ ಗಮನ ಎಷ್ಟು ಚದುರಿತು ಎಂಬುದರ ಲೆಕ್ಕ, ಕಲಿಕೆಯದ್ದಲ್ಲ. ಕಲಿಕೆ ನೋಡಬೇಕಾದರೆ ಹೋಂವರ್ಕಿನ ಐದು ಲೆಕ್ಕಗಳನ್ನು ಸಂಖ್ಯೆ ಬದಲಿಸಿ, ಮರುದಿನ ಫೋನ್ ಬೇರೆ ಕೋಣೆಯಲ್ಲಿಡಿಸಿ ಕೊಡಿ. ಹೋಂವರ್ಕಿಗೆ ಐದಕ್ಕೆ ಐದು, ಇದಕ್ಕೆ ಎರಡು ಬಂದರೆ ಆ ಮೂರರ ಅಂತರವೇ ನೀವು ಅಳೆಯಬೇಕಾದ್ದು.

ಹಾಳೆಪೆನ್ಸಿಲ್:
ಆ ಅಂತರಕ್ಕೆ ನೇರ ಸಾಕ್ಷಿ ಇದೆ. ಟರ್ಕಿಯ ಒಂದು ಪ್ರೌಢಶಾಲೆಯಲ್ಲಿ ಸುಮಾರು ಸಾವಿರ ಮಕ್ಕಳ ಗಣಿತ ತರಗತಿಗಳಲ್ಲಿ ಜಿಪಿಟಿ-4 (ಚಾಟ್‌ಜಿಪಿಟಿಯಂತೆಯೇ ಉತ್ತರ ಕೊಡುವ ಎಐ) ಕೊಟ್ಟು ನೋಡಿದರು. ಅಭ್ಯಾಸದ ಲೆಕ್ಕಗಳಲ್ಲಿ ಅಂಕ 48% ಹೆಚ್ಚಿತು. ಅದನ್ನು ತೆಗೆದು ಪರೀಕ್ಷೆ ಕೊಟ್ಟಾಗ, ಅದನ್ನು ಮುಟ್ಟದವರಿಗಿಂತ 17% ಕಡಿಮೆ ಬಂತು. ಉತ್ತರ ಹೇಳದೆ ಸುಳಿವು ಮಾತ್ರ ಕೊಡುವಂತೆ ಕಟ್ಟಿದ ಆವೃತ್ತಿಯಲ್ಲಿ ಅಭ್ಯಾಸದ ಅಂಕ 127% ಏರಿತು, ಪರೀಕ್ಷೆಯ ನಷ್ಟ ಬಹುತೇಕ ಇಲ್ಲವಾಯಿತು. ಆದರೆ ಲಾಭವೂ ಕಾಣಲಿಲ್ಲ, ಅದನ್ನು ಮರೆಯಬೇಡಿ.

ಎಡವಟ್ಟು ಆಗುವ ಜಾಗ ಇದು: ಇಂಟಿಗ್ರೇಶನ್ ಬೈ ಪಾರ್ಟ್ಸ್‌ನಲ್ಲಿ (ಗುಣಲಬ್ಧದ ಒಂದು ಭಾಗವನ್ನು 'ಯು' ಎಂದು ಆರಿಸಿ, ಉಳಿದದ್ದನ್ನು ಇಂಟಿಗ್ರೇಟ್ ಮಾಡುವ ವಿಧಾನ) 'ಎಕ್ಸ್ ಇಂಟು ಇ ಟು ದಿ ಪವರ್ ಎಕ್ಸ್' ಬಿಡಿಸಿದ್ದನ್ನು ಓದಿದವನಿಗೆ ಎಲ್ಲ ಸಾಲೂ ಅರ್ಥವಾಗಿರುತ್ತದೆ. ಯು ಎಂದರೆ ಎಕ್ಸ್ ಅಂತ ಮನಸ್ಸಿನಲ್ಲಿ ಕೂತುಬಿಡುತ್ತದೆ. ಮರುದಿನ 'ಎಕ್ಸ್ ಇಂಟು ಲಾಗ್ ಎಕ್ಸ್' ಕೊಡಿ, ಅಲ್ಲೂ ಎಕ್ಸ್ ಅನ್ನೇ ಯು ಎಂದು ತೆಗೆದುಕೊಂಡು, ಲಾಗ್ ಎಕ್ಸ್‌ನ ಇಂಟಿಗ್ರಲ್ ಹುಡುಕುತ್ತ ಸಿಕ್ಕಿಬೀಳುತ್ತಾನೆ. ಯಾವುದನ್ನು ಯು ಮಾಡಬೇಕೆಂಬ ಆಯ್ಕೆಯೇ ಆ ಪಾಠದ ತಿರುಳು, ಮತ್ತು ಅದೊಂದನ್ನೇ ಅವನ ಬದಲು ಯಂತ್ರ ಮಾಡಿತ್ತು.

ಮೊದಲ 10 ನಿಮಿಷ ಹಾಳೆಯ ಮೇಲೆ ತಾನೇ ಗುದ್ದಾಡಲಿ. ನಿಂತ ಸಾಲಿನವರೆಗಿನ ತನ್ನ ಬಿಡಿಸುವಿಕೆಯನ್ನು ಟೈಪ್ ಮಾಡಿ, 'ಉತ್ತರ ಬೇಡ, ಯಾವ ಸಾಲಿನಲ್ಲಿ ತಪ್ಪಿದೆ ಅಂತಷ್ಟೇ ಹೇಳು' ಎಂದು ಕೇಳಲಿ. ಆಮೇಲೆ ಚಾಟ್ ಮುಚ್ಚಿ ಮೊದಲಿಂದ ಬರೆಯಲಿ. ಸುಮಾರು ಜನ ಈ ಕೊನೆಯ ಹೆಜ್ಜೆಯನ್ನೇ ಬಿಡುತ್ತಾರೆ.

ರಾತ್ರಿಪಾಳಿ:
ಮೇಲಿನದ್ದಕ್ಕೆ ನನ್ನ ಒಪ್ಪಿಗೆ ಇದೆ, ಆದರೆ 'ಎಲ್ಲ ಬಿಟ್ಟು ಪೆನ್ನು ಹಿಡಿಯಿರಿ' ಎನ್ನುವವರು ಈಗ ಬರುತ್ತಾರೆ. ನೋಟ್ಸ್ ಬರೆದುಕೊಳ್ಳಲು ಲ್ಯಾಪ್‌ಟಾಪಿಗಿಂತ ಕೈಬರಹವೇ ಮೇಲು ಎಂದ 2014ರ ಪ್ರಸಿದ್ಧ ಪ್ರಯೋಗವನ್ನು 2019ರಲ್ಲಿ ಮತ್ತೆ ಮಾಡಿದಾಗ ಅಷ್ಟು ಗಟ್ಟಿ ಫಲಿತಾಂಶ ಸಿಗಲಿಲ್ಲ. ಹೇಳಿದ್ದನ್ನು ಅಕ್ಷರಶಃ ಇಳಿಸಿಕೊಳ್ಳುವುದು ದೋಷ, ಅದನ್ನು ಪೆನ್ನಿನಲ್ಲೂ ಮಾಡಬಹುದು. ಓದಿಗಾದರೆ ಕಾಗದದ ಪರ ವಾದ ಗಟ್ಟಿಯಾಗಿದೆ: 2018ರಲ್ಲಿ 54 ಅಧ್ಯಯನಗಳನ್ನು ಒಟ್ಟುಗೂಡಿಸಿದ ವಿಶ್ಲೇಷಣೆಯಲ್ಲಿ ಮುದ್ರಿತ ಪಠ್ಯ ಓದಿದವರ ಗ್ರಹಿಕೆ ಮೇಲಿತ್ತು, ಅದರಲ್ಲೂ ಸಮಯದ ಒತ್ತಡ ಇದ್ದಾಗ. ಉದ್ದದ ಅಧ್ಯಾಯಗಳನ್ನಾದರೂ ಪ್ರಿಂಟ್ ಹಾಕಿಸಿ.

ಸಾಧನವೇ ಕೆಟ್ಟದ್ದು ಅನ್ನುವುದಕ್ಕೆ ಎದುರು ಉದಾಹರಣೆ ದೆಹಲಿಯದ್ದು. ಮೈಂಡ್‌ಸ್ಪಾರ್ಕ್ ಎಂಬ ಕಲಿಕಾ ತಂತ್ರಾಂಶ ಬಳಸಲು ಲಾಟರಿಯಲ್ಲಿ ಅವಕಾಶ ಸಿಕ್ಕ ಮಕ್ಕಳ ಗಣಿತದ ಅಂಕ, ಸಿಗದವರಿಗಿಂತ ನಾಲ್ಕೂವರೆ ತಿಂಗಳಲ್ಲಿ 0.37 ಸ್ಟ್ಯಾಂಡರ್ಡ್ ಡೀವಿಯೇಶನ್‌ನಷ್ಟು (ಅಂಕಗಳ ಹರವಿನ ಅಳತೆ) ಹೆಚ್ಚಿತು. ಮಗುವಿನ ತರಗತಿ ಯಾವುದೆಂದು ನೋಡದೆ, ಅದಕ್ಕೆ ಎಷ್ಟು ಬರುತ್ತದೆಂದು ನೋಡಿ ಪ್ರಶ್ನೆ ಕೊಡುತ್ತಿತ್ತು. ದಿನದ 90 ನಿಮಿಷದಲ್ಲಿ ಅರ್ಧ ಶಿಕ್ಷಕರ ಜೊತೆ ಸಣ್ಣ ಗುಂಪಿನಲ್ಲಿ ನಡೆಯಿತು ಎಂಬುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ಬರೀ ಸಾಧನ ಕೊಟ್ಟರೆ ಸಾಲದು: ಪೆರುವಿನಲ್ಲಿ ಮಕ್ಕಳಿಗೆ ಲ್ಯಾಪ್‌ಟಾಪ್ ಹಂಚಿ ಹದಿನೈದು ತಿಂಗಳ ನಂತರ ನೋಡಿದರೆ ಗಣಿತ, ಭಾಷೆಯ ಅಂಕ ಕದಲಿರಲಿಲ್ಲ.

ಸೀಮೆಸುಣ್ಣ:
ಐದು ಲೆಕ್ಕದ ಪರೀಕ್ಷೆ ಈ ವಾರವೇ ಮಾಡಿಸುತ್ತೇನೆ. ನೆನಪಿಡುವ ವಿಷಯಗಳಿಗೆ, ಉದಾಹರಣೆಗೆ ಜೀವಶಾಸ್ತ್ರಕ್ಕೆ, ಆ್ಯಂಕಿ (ಪ್ರಶ್ನೋತ್ತರ ಕಾರ್ಡ್‌ಗಳನ್ನು ದಿನಗಳ ಅಂತರದಲ್ಲಿ ಮತ್ತೆ ಮತ್ತೆ ಕೇಳುವ ಆ್ಯಪ್) ಸಾಕೇ? ಇಬ್ಬರು ಶುರುಮಾಡಿ ಮೂರನೇ ವಾರಕ್ಕೆ ಬಿಟ್ಟರು.

ತ್ರಿಜ್ಯ:
ಮೂರನೇ ವಾರಕ್ಕೆ ಬಿಡುವುದು ಮಾಮೂಲು. ದಿನಕ್ಕೆ 20 ಹೊಸ ಕಾರ್ಡ್ ಎಂಬ ಡೀಫಾಲ್ಟನ್ನು ಯಾರೂ ಮುಟ್ಟುವುದಿಲ್ಲ. ಅದು ಕೆಲವೇ ವಾರಗಳಲ್ಲಿ ದಿನಕ್ಕೆ 150ರಿಂದ 200 ಪುನರಾವರ್ತನೆ ತಂದು ಹೇರುತ್ತದೆ. 8ಕ್ಕೆ ಇಳಿಸಿ. ಒಂದು ಕಾರ್ಡಿನಲ್ಲಿ ಒಂದೇ ಉತ್ತರ ಇರಲಿ: 'ಮೈಟೋಕಾಂಡ್ರಿಯಾ ಬಗ್ಗೆ ಬರೆಯಿರಿ' ಕಾರ್ಡ್ ಅಲ್ಲ, 'ಕ್ರೆಬ್ಸ್ ಚಕ್ರ ಮೈಟೋಕಾಂಡ್ರಿಯಾದ ಯಾವ ಭಾಗದಲ್ಲಿ ನಡೆಯುತ್ತದೆ?' ಕಾರ್ಡ್. ಉತ್ತರ ಬಾಯಲ್ಲಿ ಹೇಳಿದ ಮೇಲೆಯೇ ತಿರುಗಿಸಬೇಕು. ಬಾಕಿ ಉಳಿದ ಪುನರಾವರ್ತನೆ ಈಗಾಗಲೇ 300 ದಾಟಿದ್ದರೆ ಹೊಸ ಕಾರ್ಡ್ ಸೊನ್ನೆಗೆ ಇಳಿಸಿ, ಬಾಕಿ ತೀರುವವರೆಗೆ.