ಪದಚರ್ಚೆ: ‘ಪಿಥಿಯಮ್ ಕೆರಟೈಟಿಸ್’ – ಕಣ್ಣಾಸ್ಪತ್ರೆಯ ಕರಪತ್ರಕ್ಕೆ ಕನ್ನಡದ ಹೆಸರು

ಮಾನ್ಯರೇ,

ಸೋಮವಾರ ಅಚ್ಚಿಗೆ ಹೋಗಬೇಕಾದ ಕರಪತ್ರಕ್ಕಾಗಿ ತಾವು ಪಿಥಿಯಮ್ ಕೆರಟೈಟಿಸ್‌ನ, ಅಂದರೆ ಪಿಥಿಯಮ್ ಎಂಬ ಸೂಕ್ಷ್ಮಜೀವಿಯಿಂದ ಕಾರ್ನಿಯಾದಲ್ಲಿ (ಕಣ್ಣಿನ ಕರಿಗುಡ್ಡೆಯ ಮೇಲಿನ ಪಾರದರ್ಶಕ ಪದರದಲ್ಲಿ) ಹುಣ್ಣಾಗುವ ಕಾಯಿಲೆಯ, ಕನ್ನಡ ಹೆಸರನ್ನು ಕೇಳಿದ್ದೀರಿ. ಈವರೆಗೆ ಸಲಹೆಯಾಗಿ ಬಂದಿರುವ ‘ಶಿಲೀಂಧ್ರಜನ್ಯ ಪಾರಪಟಲಶೋಥ’ (ಶಿಲೀಂಧ್ರದಿಂದ ಬಂದ ಕಾರ್ನಿಯಾದ ಉರಿಯೂತ) ಮತ್ತು ‘ಕಣ್ಬೂಷ್ಟು’ ಎರಡನ್ನೂ ದಯವಿಟ್ಟು ಬಳಸಬೇಡಿ. ಒಂದು ಸಂಸ್ಕೃತದ್ದು, ಇನ್ನೊಂದು ಅಚ್ಚಗನ್ನಡದ್ದು ಎಂದು ಇಲ್ಲಿ ಮೂರು ದಿನಗಳಿಂದ ಜಗಳ ನಡೆದಿದೆ; ಆದರೆ ಎರಡರ ತಪ್ಪೂ ಒಂದೇ. ಪಿಥಿಯಮ್ ಶಿಲೀಂಧ್ರವಲ್ಲ, ಬೇರೆಯೇ ಗುಂಪಿನ ಸೂಕ್ಷ್ಮಜೀವಿ.

ಸೂಕ್ಷ್ಮದರ್ಶಕದಲ್ಲಿ ಅದರ ಎಳೆಗಳು ಶಿಲೀಂಧ್ರದ ಎಳೆಗಳಂತೆಯೇ ಕಾಣುವುದರಿಂದ, ಹುಣ್ಣನ್ನು ಕೆರೆದು ತೆಗೆದ ಮಾದರಿಯನ್ನು ಪರೀಕ್ಷಿಸಿದವರು ಎಷ್ಟೋ ಸಲ ಶಿಲೀಂಧ್ರವೆಂದೇ ವರದಿ ಕೊಡುತ್ತಾರೆ. ಅದನ್ನು ನಂಬಿ ಶಿಲೀಂಧ್ರನಾಶಕವಾದ ನ್ಯಾಟಮೈಸಿನ್ ಹನಿ ಹಾಕಿದರೆ ಗುಣ ಕಾಣುವುದಿಲ್ಲ, ಏಕೆಂದರೆ ಆ ಔಷಧಿ ಹಿಡಿದುಕೊಳ್ಳಬೇಕಾದ, ಶಿಲೀಂಧ್ರಗಳ ಕೋಶಪೊರೆಯಲ್ಲಿರುವ ಎರ್ಗೊಸ್ಟೆರಾಲ್ ಎಂಬ ಕೊಬ್ಬಿನಂಥ ವಸ್ತು ಪಿಥಿಯಮ್‌ನ ಕೋಶಪೊರೆಯಲ್ಲಿ ಇಲ್ಲ. ಇದಕ್ಕೆ ಈಗ ಕೊಡುತ್ತಿರುವುದು ಬ್ಯಾಕ್ಟೀರಿಯಾಗಳಿಗೆಂದು ಬಂದ ಲಿನೆಜೋಲಿಡ್ ಮತ್ತು ಅಜಿತ್ರೋಮೈಸಿನ್. ತಡವಾದರೆ ಕಾರ್ನಿಯಾ ಬದಲಿಸುವ ಶಸ್ತ್ರಚಿಕಿತ್ಸೆಯವರೆಗೂ ಹೋಗುತ್ತದೆ. ಹೀಗಿರುವಾಗ ತಲೆಬರಹದಲ್ಲೇ ‘ಬೂಷ್ಟು’ ಎಂದು ಅಚ್ಚಾದರೆ, ರೋಗಿಯು ಊರಿನ ಔಷಧಿ ಅಂಗಡಿಗೆ ಹೋಗಿ ಬೂಷ್ಟಿನ ಹನಿಯನ್ನೇ ಕೇಳಿ ಕೊಂಡಾನು.

‘ಶಿಲೀಂಧ್ರ’ಕ್ಕೆ ಕಾಳಿದಾಸನ ಪ್ರಮಾಣ ಕೊಟ್ಟವರಿಗೆ ಒಂದೇ ಮಾತು: ಮೇಘದೂತದಲ್ಲಿ ಗುಡುಗಿಗೆ ನೆಲವೊಡೆದು ಏಳುವ ಶಿಲೀಂಧ್ರ ನಮ್ಮ ಅಣಬೆ. ಅದಕ್ಕೂ ಈ ಕಾಯಿಲೆಗೂ ಸಂಬಂಧವಿಲ್ಲ.

‘ಪಿಥಿಯಮ್’ ಪರಕೀಯ ಪದ, ಅದನ್ನು ಬಿಡಲೇಬೇಕು ಎಂಬ ಆಕ್ಷೇಪಕ್ಕೆ ಮಾತ್ರ ಸ್ವಲ್ಪ ವಿವರವಾಗಿ ಉತ್ತರಿಸಬೇಕು. ಆ ಹೆಸರಿನ ಮೂಲ ‘ಕೊಳೆಯುವುದು’ ಎಂಬ ಅರ್ಥದ ಗ್ರೀಕ್ ಧಾತು. ಅದರ ಬಳಗದ್ದೇ ಆದ ಫೈಟಾಫ್ತೊರಾ ಮಲೆನಾಡಿನ ಅಡಿಕೆಗೆ ಕೊಳೆರೋಗ ತರುತ್ತದೆ. ಮೈಸೂರು ಸಂಸ್ಥಾನದಲ್ಲಿದ್ದ ವಿಜ್ಞಾನಿ ಕೋಲ್ಮನ್ 1910ರಲ್ಲೇ ಅದನ್ನು ವಿವರಿಸಿದ್ದರು. ಅದಕ್ಕೂ ಮೊದಲು, 1876ರಲ್ಲಿ, ಕಾಫಿ ಗಿಡವನ್ನು ಕೊಳೆಯಿಸುವ ಒಂದು ಶಿಲೀಂಧ್ರಕ್ಕೆ ಕುಕ್ ಎಂಬ ಆಂಗ್ಲ ವಿಜ್ಞಾನಿ ಇಟ್ಟ ಹೆಸರು ‘ಪೆಲಿಕ್ಯುಲೇರಿಯಾ ಕೊಳೆರೋಗ’. ನಮ್ಮ ರೈತರ ಮಾತು ಲ್ಯಾಟಿನ್ ಹೆಸರಿನೊಳಗೆ ಹೋಗಿ ಕುಳಿತಾಗ ಅಲ್ಲಿ ಯಾರೂ ಅದನ್ನು ಹೊರದೂಡಲಿಲ್ಲ. ಹಾಗೆ ಕೊಟ್ಟ ಭಾಷೆಯೇ ಇಂದು ಒಂದು ಹೆಸರನ್ನು ಪಡೆಯಲು ಸಂಕೋಚಪಡುವುದು ನನಗೆ ಒಪ್ಪಿಗೆಯಿಲ್ಲ.

ಹಾಗಾದರೆ ‘ಕಣ್ಣಿನ ಕೊಳೆರೋಗ’ ಎನ್ನಬಾರದೇ? ನನಗೂ ಅದರ ಮೇಲೆ ಆಸೆಯಿತ್ತು. ಆದರೆ ‘ಕೊಳೆ’ ಎಂದರೆ ಕಸ, ಮೈಲಿಗೆ ಎಂಬ ಅರ್ಥವೂ ಇರುವುದರಿಂದ, ಓದಿದವರು ಕಣ್ಣನ್ನು ತೊಳೆದುಕೊಂಡರೆ ಸಾಕೆಂದು ತಿಳಿಯುವ ಅಪಾಯವಿದೆ. ಕೊಳಕು ನೀರು ತಗುಲಿಯೂ ಬರಬಹುದಾದ ಸೋಂಕಿನ ವಿಷಯದಲ್ಲಿ ಅಂಥ ತಪ್ಪುತಿಳಿವಳಿಕೆ ಸಣ್ಣದಲ್ಲ.

‘ಕಾರ್ನಿಯಾ’ವನ್ನು ಹಾಗೆಯೇ ಉಳಿಸಿಕೊಂಡು, ಒಮ್ಮೆ ‘ಕಣ್ಣಿನ ಕರಿಗುಡ್ಡೆಯ ಮೇಲಿನ ಪಾರದರ್ಶಕ ಪದರ’ ಎಂದು ವಿವರಿಸಿದರೆ ಸಾಕು. ‘ಪೊರೆ’ ಎನ್ನಲೇಬೇಡಿ, ಜನರಿಗೆ ಪೊರೆ ಎಂದರೆ ವಯಸ್ಸಾದ ಮೇಲೆ ಬರುವ, ಬಿಡುವಾದಾಗ ತೆಗೆಸಿಕೊಳ್ಳಬಹುದಾದ ತೊಂದರೆ.

ನನ್ನ ಸಲಹೆಯ ತಲೆಬರಹ: ‘ಕಾರ್ನಿಯಾದ ಪಿಥಿಯಮ್ ಹುಣ್ಣು’. ಪ್ರಯೋಗಾಲಯದ ವರದಿಯಲ್ಲೂ ವೈದ್ಯರ ಚೀಟಿಯಲ್ಲೂ ಇರುವುದು ಪಿಥಿಯಮ್ ಎಂಬ ಹೆಸರೇ ಆದ್ದರಿಂದ ರೋಗಿಯ ಮನೆಯವರು ಮೂರನ್ನೂ ತಾಳೆ ನೋಡಬಹುದು. ಕೆಳಗಿನ ಸಾಲು: ‘ಇದು ಬೂಷ್ಟಿನಂತೆ ಕಂಡರೂ ಬೂಷ್ಟಲ್ಲ, ಇದರ ಔಷಧಿಯೇ ಬೇರೆ.’

ಹುಣ್ಣು ಮಾಗಿದ ಮೇಲೆ ಉಳಿಯುವ ಬಿಳಿ ಕಲೆಗೆ ನಮ್ಮ ಕಡೆ ‘ಕಣ್ಣಿಗೆ ಹೂ ಬಿದ್ದಿದೆ’ ಎನ್ನುತ್ತಾರೆ, ಅದನ್ನು ಹಾಗೆಯೇ ಬಳಸಬಹುದೆಂದುಕೊಂಡಿದ್ದೇನೆ. ಕಲಬುರಗಿ, ಬೀದರ ಕಡೆಯ ಸದಸ್ಯರು ಅಲ್ಲಿ ಈ ಮಾತು ನಡೆಯುತ್ತದೆಯೇ ಎಂಬುದನ್ನು ಭಾನುವಾರದೊಳಗೆ ತಿಳಿಸಿದರೆ ಉಪಕಾರವಾಗುತ್ತದೆ.